ನನ್ನ ಗಂಡನ ಫ್ರೆಂಚ್ ತ್ಯಾಗ

ನನ್ನ ಗಂಡ ಮಾಲೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟರು. ನಾನು ಹೋಳೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮನೆ ಇರುವುದು ಕೋಲಾರದಲ್ಲಿ. ಬೆಳಿಗ್ಗೆ ಅವರು ಒಂದು ದಿಕ್ಕಿನ ಬಸ್ಸು ಹಿಡಿದರೆ ನಾನು ಇನ್ನೊಂದು ದಿಕ್ಕಿನದು. ಸಂಜೆ ಇಬ್ಬರೂ ಧೂಳು ಮೆತ್ತಿಕೊಂಡು ಬಂದು ಕಾಫಿ ಕುಡಿದು, ಟೊಮೇಟೊ ರೇಟು, ಹೆಡ್‌ಮಾಸ್ಟರ ಸಿಡುಕು, ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂಬುದನ್ನು ಮಾತಾಡಿ ಮಲಗುತ್ತಿದ್ದೆವು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಈ ಬಾಳಿನ ಮೇಲೆ ನನಗೇನೂ ದೂರು ಇರಲಿಲ್ಲ. ಅವರಿಗೂ ಇಲ್ಲ ಎಂದುಕೊಂಡಿದ್ದೆ.

ನಾನು ಅವರನ್ನು ‘ಅವರು’ ಎಂದು ಬರೆಯುತ್ತಿರುವುದು ಅಭ್ಯಾಸಬಲದಿಂದ. ವ್ಯಾಕರಣದಲ್ಲಿ ಇದಕ್ಕೆ ಗೌರವಾರ್ಥಕ ಬಹುವಚನ ಎನ್ನುತ್ತಾರೆ, ಮಕ್ಕಳಿಗೂ ಹಾಗೇ ಹೇಳಿಕೊಡುತ್ತೇನೆ. ಇಲ್ಲಿ ಅದು ಬರೀ ಬಹುವಚನ ಎಂದು ಓದಿಕೊಳ್ಳಬೇಕು.

ಎಲ್ಲ ಶುರುವಾದದ್ದು ಒಂದು ಶಿಬಿರದಿಂದ. ಮಾಲೂರಿನ ಹೊರಗೆ ಯಾವುದೋ ಟ್ರಸ್ಟಿನವರು ಚಲನಚಿತ್ರ ರಸಗ್ರಹಣ ಶಿಬಿರ ಇಟ್ಟುಕೊಂಡಿದ್ದರು. ಕಾಲೇಜಿನಿಂದ ಒಬ್ಬರನ್ನು ಕಳಿಸಬೇಕಿತ್ತು. ಕನ್ನಡದ ಮೇಷ್ಟರಿಗೆ ಜ್ವರ ಬಂದದ್ದರಿಂದ ಪ್ರಿನ್ಸಿಪಾಲರು ಇವರನ್ನು ಕಳಿಸಿದರು. ಶನಿವಾರ ಗೊಣಗಿಕೊಂಡು ಹೋದವರು ಭಾನುವಾರ ಸಂಜೆ ಬೇರೆ ಮನುಷ್ಯರಾಗಿ ಬಂದರು. ಕುತ್ತಿಗೆಯಲ್ಲಿ ಶಿಬಿರದ ಬ್ಯಾಡ್ಜು ಇನ್ನೂ ನೇತಾಡುತ್ತಿತ್ತು. ಒಳಗೆ ಬಂದವರೇ ಅಡಿಗೆಮನೆಯ ರೇಡಿಯೋ ಆರಿಸಿದರು.

“ಯಾಕ್ರೀ?” ಎಂದೆ.

“ಹಿನ್ನೆಲೆ ಸಂಗೀತ ಅನ್ನೋದು ಮೋಸ ಕಣೇ. ನಮ್ಮ ಭಾವನೆ ನಮಗೆ ಗೊತ್ತಿಲ್ಲ ಅಂತ ಯಾರೋ ಪಿಟೀಲು ಬಾರಿಸಿ ಹೇಳಿಕೊಡೋದು.”

“ಅದು ಪಿಟೀಲಲ್ಲ, ಕೃಷಿರಂಗ ಬರ್ತಿತ್ತು.”

ಅವರಿಗೆ ಕೇಳಿಸಲಿಲ್ಲ. ಆ ಎರಡು ದಿನ ಶಿಬಿರದಲ್ಲಿ ಒಬ್ಬ ಫ್ರೆಂಚ್ ನಿರ್ದೇಶಕನ ಸಿನಿಮಾಗಳನ್ನು ತೋರಿಸಿದ್ದರಂತೆ. ಈಗ ಬದುಕಿಲ್ಲದ, ಬದುಕಿದ್ದಾಗ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ತನ್ನ ಪಾಡಿಗೆ ಸಣ್ಣ ಸಣ್ಣ ಸಿನಿಮಾ ಮಾಡಿಕೊಂಡಿದ್ದ ಮನುಷ್ಯ. ಅವನ ಸಿನಿಮಾದಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ, ಕೊಲೆಯಿಲ್ಲ. ಕ್ಯಾಮೆರಾ ಒಂದು ಕಡೆ ಸುಮ್ಮನೆ ನಿಂತು ನೋಡುತ್ತದೆ. ಜನ ರಜೆಯಲ್ಲಿ ಯಾವುದೋ ಊರಿಗೆ ಹೋಗುತ್ತಾರೆ, ಸಮುದ್ರದ ದಂಡೆಯಲ್ಲೋ ತೋಟದಲ್ಲೋ ಕೂತು ಮಾತಾಡುತ್ತಾರೆ. ಗಂಡಸೊಬ್ಬನಿಗೆ ಒಬ್ಬಳು ಗೊತ್ತಾಗಿರುತ್ತಾಳೆ, ಆಮೇಲೆ ಇನ್ನೊಬ್ಬಳು ಎದುರಾಗುತ್ತಾಳೆ. ಅವನು ಇಡೀ ಸಿನಿಮಾ ಆಲೋಚನೆ ಮಾಡಿ, ಮಾತಾಡಿ, ಕೊನೆಗೆ ಏನೂ ಮಾಡದೆ ಮೊದಲಿನವಳ ಹತ್ತಿರ ವಾಪಸು ಹೋಗುತ್ತಾನೆ.

“ಇಷ್ಟೇನಾ?”

“ಇಷ್ಟೇ! ಆದ್ರೆ ಆ ವಾಪಸು ಹೋಗೋದಿದೆಯಲ್ಲ, ಅದರಲ್ಲಿದೆ ನೋಡು. ನೈತಿಕ ಆಯ್ಕೆ.”

ಆಮೇಲೆ ಒಂದು ವರ್ಷ ಪೂರ್ತಿ ಆ ಎರಡು ಪದ ನಮ್ಮ ಮನೆಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು.

ಕೋಲಾರದಿಂದ ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಅವರು ಮೊಬೈಲಿನಲ್ಲಿ ಆ ಸಿನಿಮಾಗಳನ್ನು ನೋಡತೊಡಗಿದರು. ಬೆಳಗಿನ ಬಿಸಿಲು ನೇರ ಕಿಟಕಿಯೊಳಗೆ ಬಂದು ಮೊಬೈಲಿನ ಪರದೆಯ ಮೇಲೇ ಬೀಳುತ್ತದೆ. ಚಿತ್ರ ಕಾಣುವುದಿಲ್ಲ, ಕೆಳಗಿನ ಇಂಗ್ಲಿಷ್ ಅಕ್ಷರ ಮಾತ್ರ ಬೆಳ್ಳಗೆ ಕಾಣುತ್ತದೆ. ನಾನೂ ಒಮ್ಮೆ ಆ ಬಸ್ಸಿನಲ್ಲಿ ಪಕ್ಕ ಕೂತು ನೋಡಿದ್ದೆ, ಆದ್ದರಿಂದ ಗೊತ್ತು. ಅವರು ಆ ಸಿನಿಮಾಗಳನ್ನು ನೋಡಲೇ ಇಲ್ಲ, ಬರೀ ಓದಿದರು. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಭಾನುವಾರಗಳಂದು ನನ್ನನ್ನು ‘ನಡೆಯುತ್ತ ಮಾತಾಡಲು’ ಕರೆದುಕೊಂಡು ಹೋಗುವುದು ಶುರುವಾಯಿತು. ಅಂತರಗಂಗೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಕೇಳಿದರು:

“ನೀನು ನನ್ನನ್ನ ಆರಿಸ್ಕೊಂಡ್ಯಾ? ಇಲ್ಲಾ ನಾನು ನಿನಗೆ ಸಿಕ್ಕಿದ್ನಾ?”

“ನಮ್ಮ ಸೋದರಮಾವ ಆರಿಸಿದ್ದು. ಜಾತಕ ಅವರ ಹತ್ರಾನೇ ಇತ್ತು.”

“ಹಾಗಲ್ಲ. ನಿನ್ನೊಳಗೆ?”

ಅಷ್ಟರಲ್ಲಿ ಒಂದು ಕೋತಿ ನನ್ನ ಕೈಯ ಕಡ್ಲೇಕಾಯಿ ಪೊಟ್ಟಣ ಕಿತ್ತುಕೊಂಡು ಹೋಯಿತು. ನನ್ನೊಳಗೆ ಏನಿತ್ತು ಎಂಬುದು ಅಲ್ಲಿಗೇ ನಿಂತಿತು. ಅವರಿಗೆ ಬೇಸರವಾಯಿತು. ಫ್ರಾನ್ಸಿನ ಹೆಂಗಸರು ಇಂಥ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಹೇಳುತ್ತಾರಂತೆ. ಹೇಳಲಿ ಬಿಡಿ, ಅವರಿಗೆ ತಿಂಗಳುಗಟ್ಟಲೆ ರಜೆ.

ಆಷಾಢ ಕಳೆದ ಮೇಲೆ ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಒಬ್ಬ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತು ದಾಟಿದವಳೇ, ಮದುವೆಯಾಗಿರಲಿಲ್ಲ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು, ಮನೆಮಾತು ತೆಲುಗು. ರೇಷ್ಮೆ ಇಲಾಖೆಯಲ್ಲಿ ಕೆಲಸ. ಹುತ್ತೂರಿನ ಸುತ್ತಮುತ್ತ ಹುಳು ಸಾಕುವವರ ಮನೆಮನೆಗೆ ಹೋಗಿ, ಸೊಪ್ಪು ಹೇಗಿದೆ, ಹುಳುವಿಗೆ ರೋಗ ಬಂದಿದೆಯಾ ಎಂದು ನೋಡಿ ಬರುವುದು. ಸಂಜೆ ಬಂದಾಗ ಬಟ್ಟೆಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಬಂದವಳೇ ತಲೆಗೆ ಸ್ನಾನ ಮಾಡಿ ಮನೆಯ ಮೇಲಿನ ಟೆರೇಸಿಗೆ ಹೋಗುತ್ತಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ಅವರನ್ನು ಸಾರ್ ಎನ್ನುತ್ತಿದ್ದಳು. ಒಳ್ಳೆಯ ಹುಡುಗಿ. ಎದುರಿಗೆ ಬಂದರೆ ಮುಖವಿಟ್ಟು ಮಾತಾಡಿ ತನ್ನ ಪಾಡಿಗೆ ಮೇಲೆ ಹೋಗುವವಳು.

ನನ್ನ ಗಂಡನಿಗೆ ಆಗ ಟೆರೇಸಿನ ಮೇಲೆ ಗಾಳಿ ಚೆನ್ನಾಗಿದೆ ಎಂಬುದು ಹೊಳೆಯಿತು.

ಅಲ್ಲಿ ಏನು ನಡೆಯುತ್ತಿತ್ತು ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಏನೂ ನಡೆಯುತ್ತಿರಲಿಲ್ಲ. ನಾನು ಒಣಮೆಣಸಿನಕಾಯಿ ತರಲು ಮೇಲೆ ಹೋದಾಗೆಲ್ಲ ಒಂದೇ ನೋಟ. ಅವಳು ಪ್ಯಾರಪೆಟ್ಟಿಗೆ ಒರಗಿ, ಕೈಯಲ್ಲಿ ಫೋನು ಹಿಡಿದು, ಕೂದಲು ಒಣಗಿಸುತ್ತ ನಿಂತಿರುತ್ತಿದ್ದಳು. ಇವರು ಕಲ್ಲುಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಒಬ್ಬ ಮನುಷ್ಯ ಇನ್ನೊಬ್ಬರನ್ನು ನಿಜವಾಗಿ ತಿಳಿಯಬಲ್ಲನೇ ಎಂದು ಕೇಳುತ್ತಿರುತ್ತಿದ್ದರು. ಅವಳು “ಹೂಂ ಸಾರ್” ಎನ್ನುತ್ತಿದ್ದಳು. ಕೆಲವು ಸಲ “ಹೌದಾ ಸಾರ್” ಎನ್ನುತ್ತಿದ್ದಳು. ಒಂದು ಪೆನ್‌ಡ್ರೈವಿನಲ್ಲಿ ಸಿನಿಮಾಗಳನ್ನು ತುಂಬಿ ಅವಳಿಗೂ ಕೊಟ್ಟರು.

ನನಗೆ ಹೊಟ್ಟೆಕಿಚ್ಚು ಬರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬಂದದ್ದು ನಾಚಿಕೆ. ನನಗೆ ಸೇರಿದ ಒಂದು ವಸ್ತು ಬೀದಿಯಲ್ಲಿ ನಿಂತು ತಮಾಷೆ ಮಾಡಿಕೊಳ್ಳುತ್ತಿದ್ದರೆ ಆಗುವಂಥದ್ದು.

ಸಂಕ್ರಾಂತಿಗೆ ಮುಂಚೆ ಮುಳಬಾಗಿಲಿನಿಂದ ಅತ್ತೆ ಬಂದರು, ಚೀಲದ ತುಂಬ ಅವರೆಕಾಯಿ ತಂದಿದ್ದರು. ಅವರೆಕಾಳನ್ನು ನೆನೆಸಿಟ್ಟು, ಒಂದೊಂದನ್ನೇ ಬೆರಳಲ್ಲಿ ಹಿದುಕಿ ಸಿಪ್ಪೆಯಿಂದ ಬೇಳೆ ಹಾರಿಸುವ ಕೆಲಸಕ್ಕೆ ಇಬ್ಬರೂ ಕೂತೆವು. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಇವರು ಕಾಲೇಜಿಗೆ ಹೋಗಿದ್ದರು. ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ನೋಡೋಣ ಇದೇನು ಮಹಾ ಎಂದು ಒಂದು ಸಿನಿಮಾ ಹಾಕಿದೆ. ಕೆಳಗಿನ ಇಂಗ್ಲಿಷನ್ನು ನಾನು ಓದಿ, ಅತ್ತೆಗೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದೆ.

ಒಂದು ತೋಟದ ಮನೆ. ಬೇಸಿಗೆ. ಗಡ್ಡದ ಗಂಡಸು, ಎದುರಿಗೆ ಹರೆಯದ ಹೆಣ್ಣು. ಅವನು ಮಾತಾಡಿದ, ಮಾತಾಡಿದ. ಅತ್ತೆ ಬೇಳೆ ಹಿದುಕುತ್ತ ನೋಡಿದರು, ನೋಡಿದರು.

“ಪನೀ ಪಾಟಾ ಲೇದಾ ವೀಳ್ಳಕಿ?” ಎಂದರು ಕೊನೆಗೆ. “ಕೆಲಸ ಇಲ್ವೇನಮ್ಮ ಈ ಜನಕ್ಕೆ? ಊಟ ಮಾಡಿದ್ರು, ಎದ್ದು ಹೋದ್ರು. ತಟ್ಟೆ ಯಾರು ತೊಳೀತಾರೆ?”

“ಅದು ತೋರ್ಸಲ್ಲ ಅತ್ತೆ.”

“ಇವನೇನು ಹೇಳ್ತಾವ್ನೆ ಈಗ?”

“ನಾನು ನಿನ್ನನ್ನ ಪ್ರೀತಿಸಬಹುದಿತ್ತು, ಆದರೆ ಪ್ರೀತಿಸದೆ ಇರೋ ಸ್ವಾತಂತ್ರ್ಯ ನನಗಿದೆ ಅಂತಾನೆ.”

ಅತ್ತೆಯ ಕೈ ನಿಂತಿತು. ಪರದೆಯ ಹತ್ತಿರ ಬಗ್ಗಿ ನೋಡಿದರು. “ಆ ಹುಡುಗಿ ಮೊಕ ನೋಡೇ. ಅದು ಇವನ ಮಾತೇ ಕೇಳ್ತಿಲ್ಲ. ಕಾಲ ಮೇಲೆ ಇರುವೆ ಹತ್ತಿದೆ, ಅದನ್ನ ನೋಡ್ತಾ ಕೂತೈತೆ.”

ನಾನೂ ನೋಡಿದೆ. ನಿಜ. ಅಕ್ಷರ ಓದುವ ಗಡಿಬಿಡಿಯಲ್ಲಿ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವನು ತನ್ನ ಸ್ವಾತಂತ್ರ್ಯದ ವಿಷಯ ಹೇಳುವಾಗ ಕ್ಯಾಮೆರಾ ಅವನ ಮುಖ ಬಿಟ್ಟು ಅವಳ ಕಾಲಿನ ಕಡೆಗೇ ಇತ್ತು. ಅವಳು ನಿಧಾನವಾಗಿ ಇರುವೆಯನ್ನು ಒಂದು ಎಲೆಯ ಮೇಲೆ ಹತ್ತಿಸಿಕೊಂಡು ಆಚೆ ಬಿಟ್ಟಳು. ಅವನ ಮಾತು ಮುಗಿದಾಗ ತಲೆಯೆತ್ತಿ ನಕ್ಕಳು. ಅವನು ಆ ನಗುವನ್ನು ತನ್ನ ಮಾತಿಗೆ ಬಂದ ಉತ್ತರ ಎಂದುಕೊಂಡ.

ನಾನು ಸಿನಿಮಾವನ್ನು ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದೆ. ಆ ಫ್ರೆಂಚ್ ಮುದುಕ ಈ ಗಂಡಸಿನ ಕಡೆಯವನೇ ಅಲ್ಲ! ಅವನನ್ನು ಬೈಯುವುದಿಲ್ಲ, ಅವಮಾನ ಮಾಡುವುದಿಲ್ಲ, ಮಾತಾಡಪ್ಪ ಮಾತಾಡು ಎಂದು ಬಿಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಾನೆ. ಮಾತಿನಲ್ಲಿ ಅವನು ದೊಡ್ಡ ಮನುಷ್ಯನಾಗುತ್ತ ಹೋದಷ್ಟೂ ಚಿತ್ರದಲ್ಲಿ ಚಿಕ್ಕವನಾಗುತ್ತ ಹೋಗುತ್ತಾನೆ. ಪಿಟೀಲು ಬೇಡ ಎಂದದ್ದೂ ಅದಕ್ಕೇ ಇರಬೇಕು. ಪಿಟೀಲು ಬಾರಿಸಿದ್ದರೆ ನಾವು ಅವನ ಮಾತನ್ನು ನಂಬಿಬಿಡುತ್ತಿದ್ದೆವು.

ಆ ವಾರ ಅತ್ತೆ ಇರುವಷ್ಟು ದಿನ ನಾವು ಅಡಿಗೆಯ ನಡುವೆ ಇನ್ನೂ ಕೆಲವು ನೋಡಿದೆವು. ಎಲ್ಲದರಲ್ಲೂ ಒಂದೇ ಕಸುಬು. ಒಬ್ಬ ಹೇಳುತ್ತಾನೆ ನಾನು ಹೀಗೆ ಎಂದು, ಮುಂದಿನ ದೃಶ್ಯದಲ್ಲಿ ಅವನು ಹಾಗಿರುವುದಿಲ್ಲ. ಅತ್ತೆಗೆ ರುಚಿ ಹತ್ತಿತು. “ವೀಡಿ ಮೊಹಂ ಮಂಡ, ಇವನ ಮೊಕ ಸುಡ” ಎಂದು ಪರದೆಯ ಮೇಲಿನ ಗಂಡಸರಿಗೆಲ್ಲ ಶಾಪ ಹಾಕುತ್ತ ನೋಡಿದರು.

ರಾತ್ರಿ ಊಟದಲ್ಲಿ ಗಂಡನಿಗೆ ಹೇಳಿದೆ. “ನಿಮ್ಮ ನಿರ್ದೇಶಕನ ಸಿನಿಮಾ ನೋಡ್ದೆ. ಅವನು ಆ ಗಂಡಸರನ್ನ ಆಡ್ಕೊಂಡು ನಗ್ತಿದ್ದಾನೆ ಕಣ್ರೀ.”

ಅವರು ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಮರುಕದಿಂದ ನನ್ನ ಕಡೆ ನೋಡಿದರು. “ಮೊದಲ ಸಲ ನೋಡಿದೋರಿಗೆ ಹಾಗನ್ನಿಸುತ್ತೆ.”

“ಮೂರು ಸಲ ನೋಡಿದೀನಿ.”

“ಅದು ಸಂಖ್ಯೆಯ ಪ್ರಶ್ನೆಯಲ್ಲ.”

ಅತ್ತೆ ತಲೆ ತಗ್ಗಿಸಿ ಉಣ್ಣುತ್ತಿದ್ದವರು, “ಇರುವೆ ನೋಡಿದ್ಯೇನೋ?” ಎಂದು ಮಗನನ್ನು ಕೇಳಿದರು.

“ಯಾವ ಇರುವೆ?” ಎಂದರು ನನ್ನ ಗಂಡ.

ಅತ್ತೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ಇನ್ನಷ್ಟು ಸಾರು ಬಡಿಸಿದೆ.

ಬೇಸಿಗೆಯಲ್ಲಿ ಮಹಡಿಯ ಹುಡುಗಿ ನಮ್ಮಿಬ್ಬರನ್ನೂ ಅವಳ ಊರಿಗೆ ಕರೆದಳು. ಅವರದು ಮಾವಿನ ತೋಟ. ಬಾದಾಮಿ, ಮಲ್ಲಿಕಾ ಕುಯ್ಯುತ್ತಿದ್ದ ಕಾಲ. ಬನ್ನಿ ಅಕ್ಕ, ಹಣ್ಣು ತಿಂದು ಹೋಗುವಿರಂತೆ ಎಂದು ನನಗೇ ಹೇಳಿದ್ದು. ನನ್ನ ಗಂಡ ಹೊರಟ ರೀತಿ ನೋಡಬೇಕಿತ್ತು. ಎಂದೂ ಹಾಕದ ಬಿಳಿ ಪ್ಯಾಂಟು, ಒಂದು ಹುಲ್ಲಿನ ಟೋಪಿ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಮಾವಿನಕಾಯಿ ಲಾರಿಗಳ ನಡುವೆ ಇಳಿದಾಗ ಹಮಾಲರು ಕೆಲಸ ಬಿಟ್ಟು ನೋಡಿದರು.

ತೋಟದಲ್ಲಿ ಆಳುಗಳು ಮರ ಹತ್ತಿದ್ದರು. ಕೆಳಗೆ ಹುಲ್ಲು ಹಾಸಿ ಕಾಯಿಗಳನ್ನು ಜೋಡಿಸುತ್ತಿದ್ದರು. ನಾನು ಹುಡುಗಿಯ ತಾಯಿಯ ಜೊತೆ ಕೊಟ್ಟಿಗೆಯ ನೆರಳಿನಲ್ಲಿ ಕೂತು ಹಣ್ಣು ತಿಂದೆ. ಆಕೆ ಸೀರೆಯ ಸೆರಗಿಗೆ ರಸ ತಾಗದ ಹಾಗೆ ತಿನ್ನುವುದು ಹೇಗೆಂದು ತೋರಿಸಿಕೊಟ್ಟರು. ದೂರದಲ್ಲಿ ನನ್ನ ಗಂಡ ಆ ಹುಡುಗಿಯ ಜೊತೆ ಮರಗಳ ಸಾಲಿನೊಳಗೆ ನಡೆದು ಹೋಗುತ್ತಿದ್ದದ್ದು ಕಂಡಿತು. ಅವಳ ಕೈಯಲ್ಲಿ ಬುಟ್ಟಿ ಇತ್ತು. ಅವರ ಕೈ ಬೆನ್ನ ಹಿಂದಿತ್ತು. ಅವರು ನಿಂತರು, ಅವಳೂ ನಿಂತಳು. ಅವರು ಟೋಪಿ ತೆಗೆದರು. ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಮರದ ಮೇಲಿನಿಂದ ಯಾರೋ ತೆಲುಗಿನಲ್ಲಿ “ಪಕ್ಕಕ್ಕೆ ಜರುಗು ಸಾಮೀ, ಕಾಯಿ ಬೀಳುತ್ತೆ” ಎಂಬಂತೆ ಕೂಗಿದರು. ಇವರು ಜರುಗಲಿಲ್ಲ.

ಹುಡುಗಿ ಒಬ್ಬಳೇ ವಾಪಸು ಬಂದಳು. ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಮುಖ ಕೆಂಪಗಾಗಿತ್ತು, ಬಿಸಿಲು ಎಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಸಂಜೆ ನಾವಿಬ್ಬರೇ ಕೋಲಾರಕ್ಕೆ ಹೊರಟೆವು, ಅವಳು ಅಲ್ಲೇ ಉಳಿದಳು. ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಮುಖದಲ್ಲಿ ಉಪವಾಸ ಮುಗಿಸಿದವರ ಕಳೆ.

ಎರಡು ದಿನ ಬಿಟ್ಟು ಹುಡುಗಿ ಬಂದಳು. ಸಂಜೆ ನಾನು ದೋಸೆಗೆ ರುಬ್ಬುತ್ತಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಮಿಕ್ಸಿ ಆರಿಸಿದೆ.

“ಅಕ್ಕ, ಒಂದ್ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.”

“ಹೇಳಮ್ಮ.”

“ಸಾರ್ ನನ್ನ ಬಿಟ್ಟುಬಿಟ್ರಂತೆ.”

“ಬಿಟ್ಟುಬಿಟ್ರು ಅಂದ್ರೆ?”

“ಅದೇ ಅಕ್ಕ ನಂಗೂ ಅರ್ಥ ಆಗ್ತಿಲ್ಲ. ತೋಟದಲ್ಲಿ ನಿಲ್ಸಿ ಹೇಳಿದ್ರು. ‘ನಾನು ತುಂಬಾ ಯೋಚನೆ ಮಾಡ್ದೆ, ನಮ್ಮಿಬ್ಬರ ಮಧ್ಯೆ ಏನೂ ನಡೆಯಲ್ಲ, ನಾನು ನನ್ನ ಹೆಂಡತಿ ಹತ್ರ ವಾಪಸು ಹೋಗ್ತೀನಿ, ನೀನು ನೊಂದ್ಕೋಬೇಡ’ ಅಂದ್ರು.” ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. “ಹಿಡ್ಕೊಂಡಿದ್ದು ಯಾವಾಗ ಅಕ್ಕ, ಬಿಡೋಕೆ? ನಮ್ಮ ಆಳುಗಳೆಲ್ಲ ಮರದ ಮೇಲಿದ್ರು. ನಮ್ಮಪ್ಪ ಅಲ್ಲೇ ತೂಕ ಹಾಕಿಸ್ತಿದ್ರು. ಯಾರಾದ್ರೂ ಕೇಳಿಸ್ಕೊಂಡಿದ್ರೆ ನಾನು ಊರಿಗೆ ಹೋಗೋದು ಹೆಂಗೆ?”

ನಾನು ಕೈ ತೊಳೆದುಕೊಂಡು ಅವಳನ್ನು ಕೂರಿಸಿದೆ. ನೀರು ಕೊಟ್ಟೆ. ಕೇಳಬಾರದಿತ್ತೋ ಏನೋ, ಆದರೂ ಕೇಳಿದೆ: “ಮತ್ತೆ ದಿನಾ ಟೆರೇಸಲ್ಲಿ ಅಷ್ಟೊತ್ತು ಕೇಳ್ತಾ ನಿಂತಿರ್ತಿದ್ಯಲ್ಲಮ್ಮ?”

“ಫೋನ್ ಸಿಗ್ನಲ್ ಅಲ್ಲಿ ಮಾತ್ರ ಸಿಗೋದು ಅಕ್ಕ. ರೈತರು ಹುಳುವಿನ ಫೋಟೋ ಕಳಿಸ್ತಾರೆ, ರೋಗ ಯಾವ್ದು ಅಂತ ಹೇಳ್ಬೇಕು. ಫೋಟೋ ಇಳಿಯೋ ತನಕ ಕಾಯ್ತಿದ್ದೆ. ಸಾರ್ ಮಾತಾಡ್ತಿದ್ರು, ಮನೆ ಓನರ್ ಅಂತ ಹೂಂಗುಟ್ತಿದ್ದೆ. ಅವ್ರು ಕೊಟ್ಟ ಸಿನಿಮಾ ಒಂದೂ ನೋಡಿಲ್ಲ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಹೆಣ್ಣು ದಿನವೂ ಹುಳುಗಳ ಫೋಟೋ ನೋಡುತ್ತ ನಿಂತಿದ್ದಳು, ಅವಳ ಎದುರು ಕೂತು ನನ್ನ ಗಂಡ ಅವಳನ್ನು ಮೋಹಿಸಿ, ತನ್ನೊಳಗೇ ಹೋರಾಡಿ, ಗೆದ್ದು, ತ್ಯಾಗವನ್ನೂ ಮಾಡಿ ಮುಗಿಸಿದ್ದರು. ಅದಕ್ಕೆಲ್ಲ ಅವಳ ಅಗತ್ಯವೇ ಬೀಳಲಿಲ್ಲ. ನಿಜವಾಗಿ ಯಾರನ್ನಾದರೂ ಇಷ್ಟಪಟ್ಟಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಸಿಟ್ಟು ಬರುತ್ತಿತ್ತು, ಅತ್ತು ಕರೆದು ರಂಪ ಮಾಡಬಹುದಿತ್ತು.

ಆ ಶನಿವಾರ ಮಧ್ಯಾಹ್ನ ಅವರು ನನ್ನನ್ನು ಹಾಲಿನ ಕುರ್ಚಿಯಲ್ಲಿ ಕೂರಿಸಿ, ಕಿಟಕಿ ತೆರೆದು, ಫ್ಯಾನು ನಿಲ್ಲಿಸಿದರು. ಫ್ಯಾನಿನ ಸದ್ದೂ ಹಿನ್ನೆಲೆ ಸಂಗೀತವೋ ಏನೋ.

“ನಿನ್ನಿಂದ ನಾನೇನೂ ಮುಚ್ಚಿಡಲ್ಲ” ಎಂದರು. “ಈ ವರ್ಷ ನನಗೊಂದು ಪರೀಕ್ಷೆ ಬಂತು. ಇನ್ನೊಂದು ಜೀವ ನನ್ನ ಹತ್ತಿರ ಬಂತು. ನಾನು ಜಾರಬಹುದಿತ್ತು. ಜಾರಲಿಲ್ಲ. ನಿನ್ನನ್ನ ಆರಿಸ್ಕೊಂಡೆ.”

ಆಮೇಲೆ ನನ್ನ ಮುಖ ನೋಡುತ್ತ ಕಾದರು. ನಾನು ಅಳಬೇಕಿತ್ತು ಅಂತ ಕಾಣುತ್ತದೆ. ಸಿನಿಮಾಗಳಲ್ಲಿ ಇಂಥ ಹೊತ್ತಿನಲ್ಲಿ ಹೆಂಡತಿ ಅಳುತ್ತಾಳೆ, ಯಾಕೆ ಅಳುತ್ತಾಳೆಂದು ಅವನಿಗೆ ಗೊತ್ತಾಗುವುದಿಲ್ಲ.

“ಅವಳನ್ನ ಕೇಳಿದ್ರಾ?” ಎಂದೆ.

“ಏನು ಕೇಳೋದು?”

“ನಿಮ್ಮ ಹತ್ರ ಬಂದಿದ್ಲಾ ಅಂತ.”

“ಅದನ್ನೆಲ್ಲ ಬಾಯಿಬಿಟ್ಟು ಕೇಳ್ತಾರೇನೇ? ಅವಳ ಮೌನದಲ್ಲಿತ್ತು.”

ನಾನು ಎದ್ದು ಮೆಟ್ಟಿಲ ಬುಡದಲ್ಲಿ ನಿಂತು ಹುಡುಗಿಯನ್ನು ಕೂಗಿದೆ. ಅವರು “ಏ, ಏನ್ ಮಾಡ್ತಿದ್ದೀಯ” ಎಂದು ಅರ್ಧಕ್ಕೆ ಎದ್ದರು. ಅವಳು ಇಳಿದು ಬಂದಳು. ತಲೆಗೆ ಟವೆಲ್ ಸುತ್ತಿದ್ದಳು. ನಾನು ಹೇಳಿದೆ: “ನೋಡಮ್ಮ, ನಿನ್ನ ಮೌನದಲ್ಲಿ ಏನೋ ಇತ್ತು ಅಂತಿದ್ದಾರೆ. ಏನಿತ್ತು ಅಂತ ಹೇಳ್ಬಿಡು.”

ಅವಳು ನನ್ನನ್ನೊಮ್ಮೆ ನೋಡಿದಳು, ಅವರನ್ನೊಮ್ಮೆ ನೋಡಿದಳು. ದನಿ ಏರಿಸಲಿಲ್ಲ.

“ಸಾರ್, ನಾನು ಸುಮ್ನಿದ್ದದ್ದು ನೀವು ದೊಡ್ಡೋರು ಅಂತ. ನೀವು ಮಾತಾಡೋದು ನಂಗೆ ಅರ್ಥ ಆಗ್ತಿರ್ಲಿಲ್ಲ, ಕೇಳಿಸ್ಕೊಳ್ತಾನೂ ಇರ್ಲಿಲ್ಲ. ನೀವು ನನ್ನ ಬಿಟ್ಟಿದ್ದೀರಿ ಅಂತ ಇನ್ಯಾರ ಹತ್ರಾನೂ ಹೇಳ್ಬೇಡಿ. ಅಷ್ಟೇ ಸಾರ್.”

ಅವರ ಮುಖ ಪೆಚ್ಚಾಗುತ್ತದೆ ಎಂದು ಕಾದೆ. ಆಗಲಿಲ್ಲ. ಅವರು ನಿಧಾನವಾಗಿ ತಲೆಯಾಡಿಸಿ, “ನಿನಗೆ ಹೀಗೆ ಹೇಳೋದು ಎಷ್ಟು ಕಷ್ಟವಾಗಿರಬೇಕು, ನನಗೆ ಗೊತ್ತು” ಎಂದರು.

ಹುಡುಗಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಸಲ ಅರ್ಥವಾಯಿತು: ಈ ಮನುಷ್ಯನ ಒಳಗೆ ಹೋಗುವ ಬಾಗಿಲೇ ಇಲ್ಲ.

ಅವಳು ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿದಳು. ಇರಮ್ಮ, ಅವರು ಮೇಲೆ ಹತ್ತದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ಎಷ್ಟೋ ಹೇಳಿದೆ. “ಮನೆ ಚೆನ್ನಾಗಿದೆ ಅಕ್ಕ. ಬಸ್‌ಸ್ಟ್ಯಾಂಡ್ ಹತ್ರ, ನೀರು ಬರುತ್ತೆ. ಆದ್ರೆ ಮೆಟ್ಲು ಹತ್ತೋವಾಗೆಲ್ಲ ಕೆಳಗೆ ಯಾರೋ ನನಗೋಸ್ಕರ ನರಳ್ತಾ ಕೂತಿದ್ದಾರೆ ಅನ್ಸುತ್ತೆ. ಆಗಲ್ಲ” ಎಂದಳು. ಹುತ್ತೂರಿನಲ್ಲಿ ಒಂದು ಕೋಣೆ ಹಿಡಿದಳು. ಹೆಣ್ಣೊಬ್ಬಳೇ ಎಂದು ಯಾರೂ ಮನೆ ಕೊಡದೆ ಅಲ್ಲಿ ಅಲೆದದ್ದನ್ನು ಆಮೇಲೆ ಫೋನಿನಲ್ಲಿ ಹೇಳಿದಳು. ಫ್ರೆಂಚ್ ಸಿನಿಮಾದಲ್ಲಿ ಆಯ್ಕೆ ಮಾಡಿದ ಗಂಡಸು ರೈಲು ಹತ್ತುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಮಂಚ, ಗ್ಯಾಸ್ ಸ್ಟವ್, ನೀರಿನ ಡ್ರಮ್ಮು ಎಲ್ಲವನ್ನೂ ಗೂಡ್ಸ್ ಆಟೋಗೆ ತುಂಬಿಕೊಂಡು ಹೋದವಳು ಅವಳು. ಆಟೋ ಹೊರಟಾಗ ನನ್ನ ಗಂಡ ವೆರಾಂಡದಲ್ಲಿ ನಿಂತು ದೂರ ನೋಡುತ್ತಿದ್ದರು. ಡ್ರಮ್ಮು ಎತ್ತಲು ಕೈ ಹಾಕಲಿಲ್ಲ.

ಮಳೆಗಾಲದಲ್ಲಿ ಅದೇ ಟ್ರಸ್ಟಿನವರು ಇನ್ನೊಂದು ಶಿಬಿರ ಮಾಡಿದರು. ಈ ಸಲ ನನ್ನ ಗಂಡ ಉಪನ್ಯಾಸಕರು. ವಿಷಯ, ಆ ನಿರ್ದೇಶಕನ ಶೈಲಿ ಮತ್ತು ವಸ್ತು. ನಾನೂ ಹೋದೆ. ಮಾಸ್ತಿಯಲ್ಲಿ ನನ್ನ ತಂಗಿಯನ್ನು ನೋಡಿ ಬರುವುದಿತ್ತು, ದಾರಿಯಲ್ಲೇ ಎಂದು ನೆಪ ಹೇಳಿ ಹಿಂದಿನ ಸಾಲಿನಲ್ಲಿ ಕೂತೆ. ಜುಬ್ಬಾದವರು ಬಹಳ ಜನ ಇದ್ದರು, ಎಲ್ಲರೂ ಎಲ್ಲದಕ್ಕೂ ತಲೆದೂಗುತ್ತಿದ್ದರು. ಇವರು ಸರಳತೆ, ಸಹಜ ಬೆಳಕು, ಸಂಭಾಷಣೆ ಎಂದೆಲ್ಲ ಹೇಳಿ, ದನಿ ತಗ್ಗಿಸಿ, “ನನಗೆ ಗೊತ್ತಿರುವ ಒಬ್ಬರು ಗೃಹಸ್ಥರು” ಎಂದು ಶುರು ಮಾಡಿದರು. ಮಾವಿನ ತೋಟ ಬಂತು. ಟೋಪಿ ತೆಗೆದದ್ದು ಬಂತು. ಅವಳ ಕಣ್ಣಂಚಿನಲ್ಲಿ ನೀರೂ ಬಂತು, ನಾನು ನೋಡಿದಾಗ ಇರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು ಕೇಳಿದಳು, “ಸಾರ್, ಆ ಹುಡುಗಿಗೆ ಏನನ್ನಿಸ್ತು?”

“ಒಳ್ಳೇ ಪ್ರಶ್ನೆ” ಎಂದರು ಇವರು. “ಆದರೆ ಇಲ್ಲಿ ಅದು ಮುಖ್ಯವಲ್ಲ.”

ಜುಬ್ಬಾದವರು ತಲೆದೂಗಿದರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದು ಮಾಸ್ತಿಯ ಬಸ್ಸು ಹತ್ತಿದೆ. ತಂಗಿಯ ಮನೆಯ ಜಗಲಿಯಲ್ಲಿ ಕೂತು ಅವಳ ಎಮ್ಮೆ, ಡೈರಿ, ರಾಗಿ ಪೈರಿನ ವಿಷಯ ಕೇಳಿದೆ. ಅವಳು ಕಾಫಿ ಕೊಟ್ಟು “ಭಾವ ಹೇಗಿದ್ದಾರೆ?” ಎಂದಳು. “ಚೆನ್ನಾಗಿದ್ದಾರೆ” ಎಂದೆ. ಸುಳ್ಳಲ್ಲ. ಅವರು ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ.

ಸಿಟ್ಟಾದರೆ ಒಂದು ದಿನ ಇಳಿಯುತ್ತದೆ. ತಾತ್ಸಾರ ಹಾಗಲ್ಲ, ಜೊತೆಯಲ್ಲೇ ಉಣ್ಣುತ್ತದೆ. ಅವರು ಸಾರು ಸುರ್ರನೆ ಹೀರುವ ಸದ್ದು, ಓದುವಾಗ ಹುಬ್ಬೆತ್ತುವ ರೀತಿ, ಮಗಳ ಜೊತೆ ಫೋನಿನಲ್ಲಿ “ಜೀವನದಲ್ಲಿ ಆಯ್ಕೆ ಮಾಡೋದು ಕಲೀಬೇಕು ಪುಟ್ಟ” ಎನ್ನುವುದು, ಎಲ್ಲದರಲ್ಲೂ ಅದು ಇದೆ. ನಾನು ಅವರ ಬಟ್ಟೆ ಇಸ್ತ್ರಿಗೆ ಹಾಕುತ್ತೇನೆ, ಬಿಪಿ ಮಾತ್ರೆ ನೆನಪಿಸುತ್ತೇನೆ. ಅವರ ಮೇಲೆ ಗೌರವ ಇಲ್ಲ. ಎರಡೂ ಒಟ್ಟಿಗೆ ನಡೆಯಬಲ್ಲವು ಎಂದು ಗೊತ್ತಿರಲಿಲ್ಲ, ನಡೆಯುತ್ತವೆ.

ಮಹಡಿಯ ಮನೆಯನ್ನು ಮತ್ತೆ ಬಾಡಿಗೆಗೆ ಕೊಡಲಿಲ್ಲ. ಇಬ್ಬರು ಮೂವರು ಕೇಳಿಕೊಂಡು ಬಂದರು. ನಾನು ಇಲ್ಲ ಎಂದೆ. ಒಂದು ಭಾನುವಾರ ನನ್ನ ಹಾಸಿಗೆ, ಪುಸ್ತಕ, ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟು, ಅಡಿಗೆಮನೆಯ ರೇಡಿಯೋ ಎಲ್ಲವನ್ನೂ ಒಂದೊಂದಾಗಿ ಮೇಲೆ ಸಾಗಿಸಿದೆ. ಅವರು ಪೇಪರ್ ಮಡಚಿ, “ಏನಿದು?” ಎಂದರು.

“ನಾನು ಮೇಲಿರ್ತೀನಿ. ಅಡಿಗೆಗೆ ಇಳಿದು ಬರ್ತೀನಿ.”

“ಯಾಕೆ?”

“ಗಾಳಿ ಚೆನ್ನಾಗಿದೆ.”

ಅವರು ಮತ್ತೆ ಪೇಪರ್ ಬಿಡಿಸಿದರು. ಬಂದವರಿಗೆಲ್ಲ ಈಗ “ಅವಳಿಗೆ ಓದಿಕೊಳ್ಳೋಕೆ ಪ್ರತ್ಯೇಕ ಜಾಗ ಬೇಕಿತ್ತು, ನಾನೇ ಮಾಡಿಕೊಟ್ಟೆ” ಎಂದು ಹೇಳುತ್ತಾರೆ. ಹೇಳಲಿ ಎಂದು ಬಿಟ್ಟಿದ್ದೇನೆ.

ಹಬ್ಬಕ್ಕೆ ಬಂದಾಗ ಅತ್ತೆಯೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಮೇಲೆ ಬರುತ್ತಾರೆ. ಏನಾಯಿತೆಂದು ಅವರು ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ. ಮಂಚದ ಮೇಲೆ ಕಾಲು ಚಾಚಿ, ಕನ್ನಡಕ ಒರೆಸಿಕೊಂಡು, “ಹಾಕಮ್ಮ ಒಂದು” ಎನ್ನುತ್ತಾರೆ. ಹಾಕುತ್ತೇನೆ. ಕೆಳಗಿನ ಇಂಗ್ಲಿಷ್ ಅಕ್ಷರವನ್ನು ಈಗ ನಾನು ಓದಿ ಹೇಳುವುದಿಲ್ಲ, ಅತ್ತೆಯೂ ಇವನೇನು ಹೇಳ್ತಾವ್ನೆ ಎಂದು ಕೇಳುವುದಿಲ್ಲ.